ಆಲೂಗಡ್ಡೆ ಯಾವ ಸಕ್ಕರೆ ನೀರಿನಲ್ಲಿ ತೂಕ ಬದಲಿಸುವುದಿಲ್ಲ?

ಆಲೂಗಡ್ಡೆಯ ಸಿಪ್ಪೆ ತೆಗೆದು, ಬೆರಳಿನಷ್ಟು ದಪ್ಪದ ಕಡ್ಡಿಗಳಾಗಿ ಕತ್ತರಿಸಿ. ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಗಟ್ಟಿಯಾದ ಸಕ್ಕರೆ ದ್ರಾವಣದಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರಿನಲ್ಲಿದ್ದ ಕಡ್ಡಿಯನ್ನು ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ಸಕ್ಕರೆಯಲ್ಲಿದ್ದದ್ದು ಮೆತ್ತಗಾಗಿ, ಎರಡು ತುದಿಗಳನ್ನು ಹತ್ತಿರ ತಂದರೂ ಮುರಿಯದೆ ಬಾಗುತ್ತದೆ. ಇಷ್ಟು ನೋಡಿ, ಪ್ರಯೋಗದ ಪುಸ್ತಕದಲ್ಲಿ ‘ಅಭಿಸರಣೆ ನಡೆಯಿತು’ ಎಂದು ಬರೆದು ಮುಗಿಸುವುದು ನಮ್ಮ ತರಗತಿಗಳ ವಾಡಿಕೆ. ನನ್ನ ಮಟ್ಟಿಗೆ ಪ್ರಯೋಗ ಶುರುವಾಗುವುದೇ ಅಲ್ಲಿಂದ. ಬರೀ ನೀರಿನಲ್ಲಿ ಗಡ್ಡೆ ಉಬ್ಬಿದೆ, ಗಟ್ಟಿ ಸಕ್ಕರೆ ದ್ರಾವಣದಲ್ಲಿ ಸೊರಗಿದೆ. ಹಾಗಾದರೆ ನಡುವೆ ಎಲ್ಲೋ ಒಂದು ದ್ರಾವಣ ಇದ್ದೇ ಇರಬೇಕು, ಅದರಲ್ಲಿ ಅದು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. ಏನೂ ಆಗದ ಆ ಬಿಂದುವನ್ನು ಹುಡುಕಿಕೊಟ್ಟರೆ, ಆಲೂಗಡ್ಡೆಯ ಜೀವಕೋಶವನ್ನು ತೆರೆದು ನೋಡದೆಯೇ ಅದು ಎಷ್ಟು ಬಲವಾಗಿ ನೀರನ್ನು ಎಳೆಯುತ್ತಿದೆ ಎಂದು ಅಂಕಿಯಲ್ಲಿ ಹೇಳಬಹುದು.

ಮೊದಲು ನೀರು ಚಲಿಸುವುದೇಕೆ ಎಂಬುದನ್ನು ನೋಡೋಣ. ನೀರಿನ ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕೋಶದ ಪೊರೆಯ ಆಚೆಗೂ ಈಚೆಗೂ ಅವು ಸದಾ ಓಡಾಡುತ್ತಲೇ ಇರುತ್ತವೆ. ಪೊರೆ ನೀರನ್ನು ಬಿಡುತ್ತದೆ, ಸಕ್ಕರೆಯಂಥ ದೊಡ್ಡ ಅಣುವನ್ನು ತಡೆಯುತ್ತದೆ. ಒಂದು ಕಡೆ ಸಕ್ಕರೆ ಕರಗಿದ್ದರೆ ಆ ಕಡೆಯ ನೀರು ಪೊರೆ ದಾಟಿ ಹೊರಬರುವ ಪ್ರವೃತ್ತಿ ತಗ್ಗುತ್ತದೆ. ಇನ್ನೊಂದು ಕಡೆಯಿಂದ ಬರುವ ನೀರು ಮಾತ್ರ ಮೊದಲಿನ ವೇಗದಲ್ಲೇ ಬರುತ್ತಿರುತ್ತದೆ. ಹೋಗುವುದಕ್ಕಿಂತ ಬರುವುದು ಹೆಚ್ಚಾದಾಗ ಉಳಿಯುವ ಲೆಕ್ಕವೇ ಅಭಿಸರಣೆ. ಪೊರೆಯಲ್ಲಿ ನೀರಿಗೆಂದೇ ಇರುವ ಪ್ರೋಟೀನಿನ ಕಿರುದಾರಿಗಳೂ ಉಂಟು, ಅವುಗಳಿಗೆ ಅಕ್ವಾಪೊರಿನ್ ಎಂದು ಹೆಸರು. ಅವನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ದಾರಿ ಹೆಚ್ಚಿದ್ದರೆ ನೀರು ಬೇಗ ಹರಿಯುತ್ತದೆ, ಕಡಿಮೆ ಇದ್ದರೆ ನಿಧಾನವಾಗಿ. ಆದರೆ ಯಾವ ಕಡೆಗೆ ಹರಿಯಬೇಕೆಂಬುದನ್ನು ದಾರಿ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಎರಡೂ ಬದಿಯ ದ್ರಾವಣಗಳ ಸಾರತೆಯ, ಅಂದರೆ ಕರಗಿದ ವಸ್ತು ಎಷ್ಟು ಗಾಢವಾಗಿದೆ ಎಂಬುದರ, ವ್ಯತ್ಯಾಸ ಮತ್ತು ಒತ್ತಡ. ಈ ಒತ್ತಡದ ಮಾತನ್ನು ನೆನಪಿಟ್ಟುಕೊಳ್ಳಿ, ಹೆಚ್ಚಿನವರು ಎಡವುವುದು ಅಲ್ಲೇ.

ಪೊರೆ ಜೀವಂತವಾಗಿರಬೇಕು ಎಂಬುದಕ್ಕೆ ಒಂಬತ್ತನೇ ತರಗತಿಯ ಪಠ್ಯದಲ್ಲಿ ಬಹುಕಾಲ ಇದ್ದ ಪ್ರಯೋಗವೇ ಸಾಕ್ಷಿ. ಆಲೂಗಡ್ಡೆಯನ್ನು ಅರ್ಧಕ್ಕೆ ಕತ್ತರಿಸಿ ಬಟ್ಟಲಿನಂತೆ ಕೊರೆದು, ಒಳಗೆ ಒಂದು ಚಮಚ ಸಕ್ಕರೆ ಹಾಕಿ, ನೀರಿನ ತಟ್ಟೆಯಲ್ಲಿಟ್ಟರೆ ಎರಡು ಗಂಟೆಯೊಳಗೆ ಬಟ್ಟಲಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಉಪ್ಪು ಹಾಕಿದರೂ ಹಾಗೆಯೇ. ಬೇಯಿಸಿದ ಆಲೂಗಡ್ಡೆಯ ಬಟ್ಟಲಿನಲ್ಲಿ ಮಾತ್ರ ಆ ಆಟ ನಡೆಯುವುದಿಲ್ಲ. ಬೇಯುವಾಗ ಪೊರೆ ಹಾಳಾಗಿ, ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವ ಕೆಲಸವೇ ನಿಂತುಹೋಗಿರುತ್ತದೆ.

ಇನ್ನು ಅಳತೆಗೆ ಬರೋಣ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ 0.6 ಅಥವಾ 1 ಮೋಲಾರ್‌ವರೆಗಿನ ಸಕ್ಕರೆ ದ್ರಾವಣಗಳ ಸಾಲನ್ನು ಮಾಡಿಕೊಳ್ಳುತ್ತಾರೆ. ಅಂಗಡಿಯ ಸಕ್ಕರೆಯೇ ಸಾಕು, ಅದು ಬಹುಪಾಲು ಶುದ್ಧ ಸುಕ್ರೋಸ್. 342 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು ಒಂದು ಲೀಟರ್ ಆಗುವ ತನಕ ನೀರು ಸೇರಿಸಿದರೆ 1 ಮೋಲಾರ್ ದ್ರಾವಣ. ಒಂದು ಲೀಟರ್ ನೀರಿಗೆ 342 ಗ್ರಾಂ ಸುರಿದರೆ ಅದು ಆಗುವುದಿಲ್ಲ. ಕರಗಿದ ಸಕ್ಕರೆಯೇ ಸುಮಾರು 200 ಮಿಲಿಲೀಟರ್ ಜಾಗ ಹಿಡಿಯುತ್ತದೆ, ದ್ರಾವಣ ಅಷ್ಟರ ಮಟ್ಟಿಗೆ ತೆಳುವಾಗಿರುತ್ತದೆ. ಮೂಲ ದ್ರಾವಣ ಒಂದು ಸಿದ್ಧವಾದರೆ ಉಳಿದದ್ದು ಸುಲಭ: 0.3 ಮೋಲಾರ್ ಬೇಕಾದರೆ ಮೂರು ಪಾಲು ಮೂಲ ದ್ರಾವಣಕ್ಕೆ ಏಳು ಪಾಲು ನೀರು ಸೇರಿಸಿ ಒಟ್ಟು ಹತ್ತು ಪಾಲು ಮಾಡಿಕೊಂಡರಾಯಿತು.

ಕಡ್ಡಿಗಳೆಲ್ಲ ಒಂದೇ ಗಡ್ಡೆಯವಾಗಿದ್ದರೆ ಒಳ್ಳೆಯದು. ಕಾರ್ಕ್ ಬೋರರ್ ಇದ್ದರೆ ಒಂದೇ ದಪ್ಪದ ಕಡ್ಡಿಗಳು ಸಿಗುತ್ತವೆ, ಇಲ್ಲದಿದ್ದರೆ ಚಾಕು ಮತ್ತು ಅಳತೆಪಟ್ಟಿ. ಸಿಪ್ಪೆಯ ಚೂರು ಎಲ್ಲೂ ಉಳಿಯಬಾರದು. ಆಲೂಗಡ್ಡೆಯ ಸಿಪ್ಪೆ ಇರುವುದೇ ನೀರು ಒಳಹೊರಗೆ ಹೋಗದಂತೆ ತಡೆಯಲು, ಅದು ಅಂಟಿಕೊಂಡಿರುವ ಬದಿಯಲ್ಲಿ ಅಭಿಸರಣೆ ಕುಂಟುತ್ತದೆ. ಒಂದು ಸೆಂಟಿಮೀಟರ್ ವ್ಯಾಸ, ಐದು ಸೆಂಟಿಮೀಟರ್ ಉದ್ದದ ಕಡ್ಡಿ ಸುಮಾರು 4.2 ಗ್ರಾಂ ತೂಗುತ್ತದೆ. ಅಂದರೆ ಒಂದೊಂದು ಗ್ರಾಂ ಮಾತ್ರ ತೋರಿಸುವ ಅಡುಗೆಮನೆಯ ತಕ್ಕಡಿ ಇಲ್ಲಿ ನಿಷ್ಪ್ರಯೋಜಕ. ನಾವು ಹುಡುಕುವ ಬದಲಾವಣೆ ಹಲವೊಮ್ಮೆ ಅರ್ಧ ಗ್ರಾಮಿಗೂ ಕಡಿಮೆ. 0.01 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಅದಿಲ್ಲದವರು ಪ್ರತಿ ದ್ರಾವಣಕ್ಕೂ ನೂರು ಗ್ರಾಮಿನಷ್ಟು ತುಂಡುಗಳನ್ನು ಒಟ್ಟಿಗೆ ಹಾಕಿ ತೂಗಬಹುದು, ಆಗ ಅಡುಗೆಮನೆಯ ತಕ್ಕಡಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಫಲಿತಾಂಶ ಕೆಡುವುದು ಹೆಚ್ಚಾಗಿ ತೂಗುವ ಕ್ಷಣದಲ್ಲಿ. ದ್ರಾವಣದಿಂದ ತೆಗೆದ ಕಡ್ಡಿಯ ಮೈಮೇಲೆ ತೆಳುವಾದ ನೀರಿನ ಪದರ ಇರುತ್ತದೆ. ಅದನ್ನು ಒರೆಸದೆ ತೂಗಿದರೆ ಎಲ್ಲ ಕಡ್ಡಿಗಳೂ ಉಬ್ಬಿದಂತೆ ಕಾಣುತ್ತವೆ. ಒತ್ತಿ ಒರೆಸಿದರೆ ಕತ್ತರಿಸಿದ ಕೋಶಗಳ ರಸವೂ ಕಾಗದಕ್ಕೆ ಹೋಗುತ್ತದೆ. ಟಿಶ್ಯೂ ಕಾಗದದ ಮೇಲೆ ಒಮ್ಮೆ ಹೊರಳಿಸಿ, ಎರಡು ತುದಿಗಳನ್ನು ಒಮ್ಮೊಮ್ಮೆ ಮುಟ್ಟಿಸಿ, ತೂಗಿಬಿಡಬೇಕು. ಮುಖ್ಯವಾದದ್ದೆಂದರೆ, ನೆನೆಸುವ ಮೊದಲು ತೂಗುವಾಗಲೂ ಹೀಗೆಯೇ ಒರೆಸಿರಬೇಕು ಮತ್ತು ಎಲ್ಲ ಕಡ್ಡಿಗಳನ್ನೂ ಒಬ್ಬರೇ ಒರೆಸಬೇಕು. ಇಬ್ಬರು ಹಂಚಿಕೊಂಡು ಒರೆಸಿದರೆ ಅವರ ಕೈವಾಡವೂ ಗ್ರಾಫಿನಲ್ಲಿ ಮೂಡುತ್ತದೆ. ಪ್ರನಾಳಗಳ ಬಾಯಿ ಮುಚ್ಚಿರಲಿ, ನೀರು ಆವಿಯಾದರೆ ದ್ರಾವಣ ತಾನಾಗಿಯೇ ಗಟ್ಟಿಯಾಗುತ್ತದೆ.

ಬದಲಾವಣೆಯನ್ನು ಗ್ರಾಮಿನಲ್ಲಿ ಬರೆಯುವ ಬದಲು ಶೇಕಡಾದಲ್ಲಿ ಬರೆಯುವುದಕ್ಕೆ ಕಾರಣವಿದೆ. 4.20 ಗ್ರಾಮಿನ ಕಡ್ಡಿ 4.62ಕ್ಕೆ ಏರಿತು, 3.80 ಗ್ರಾಮಿನದು 4.18ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಗ್ರಾಮಿನಲ್ಲಿ ಮೊದಲನೆಯದು ಹೆಚ್ಚು ನೀರು ಕುಡಿದಂತೆ ಕಾಣುತ್ತದೆ. ಶೇಕಡಾ ಲೆಕ್ಕದಲ್ಲಿ ಎರಡೂ 10ರಷ್ಟೇ ಏರಿವೆ.

ಈಗ ಅಡ್ಡ ಅಕ್ಷದಲ್ಲಿ ಸಾರತೆ, ಲಂಬ ಅಕ್ಷದಲ್ಲಿ ಶೇಕಡಾ ಬದಲಾವಣೆ ಹಾಕಿ ಬಿಂದುಗಳನ್ನು ಜೋಡಿಸಿದರೆ, ಎಡಗಡೆ ಸೊನ್ನೆಯ ಗೆರೆಗಿಂತ ಮೇಲಿದ್ದ ರೇಖೆ ಕೆಳಗಿಳಿಯುತ್ತಾ ಎಲ್ಲೋ ಒಂದು ಕಡೆ ಗೆರೆಯನ್ನು ದಾಟುತ್ತದೆ. 0.2 ಮೋಲಾರ್‌ನಲ್ಲಿ ಶೇ. 4 ಏರಿಕೆ, 0.3ರಲ್ಲಿ ಶೇ. 1 ಇಳಿಕೆ ಬಂತು ಎಂದುಕೊಂಡರೆ, ರೇಖೆ ದಾಟುವುದು 0.28ರಲ್ಲಿ. ಆಲೂಗಡ್ಡೆಯಲ್ಲಿ ಸಾಮಾನ್ಯವಾಗಿ ಈ ದಾಟುವ ಜಾಗ 0.3 ಮೋಲಾರ್‌ನ ಆಸುಪಾಸಿನಲ್ಲಿ ಬರುತ್ತದೆ. ಅಂದರೆ ಲೀಟರಿಗೆ ಸರಿಸುಮಾರು ನೂರು ಗ್ರಾಂ ಸಕ್ಕರೆ. ತುಟಿಗಿಟ್ಟರೆ ಸಾಕಷ್ಟು ಸಿಹಿಯಾದ ನೀರದು, ಆಲೂಗಡ್ಡೆಗೆ ಮಾತ್ರ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ 0.3 ಎಂಬುದು ಎಷ್ಟು ದೊಡ್ಡ ಬಲ ಎಂದು ತಿಳಿಯಲು ಹತ್ತೊಂಬತ್ತನೇ ಶತಮಾನದ ಯುರೋಪಿಗೆ ಹೋಗಬೇಕು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ರಂಧ್ರಗಳಿರುವ ಮಣ್ಣಿನ ಪಾತ್ರೆಯ ಗೋಡೆಯೊಳಗೆ ತಾಮ್ರದ ಫೆರೊಸಯನೈಡ್ ಎಂಬ ರಾಸಾಯನಿಕದ ಪೊರೆಯನ್ನು ಮೂಡಿಸಿ, ಒಳಗೆ ಸಕ್ಕರೆ ನೀರು ತುಂಬಿ, ಹೊರಗೆ ಬರೀ ನೀರಿಟ್ಟು, ಒಳಗೆ ಏರುವ ಒತ್ತಡವನ್ನು ಪಾದರಸದಿಂದ ಅಳೆದರು. 1877ರಲ್ಲಿ ಪ್ರಕಟವಾದ ಅವರ ಅಳತೆಗಳಲ್ಲಿ ಶೇ. 1ರ ಸಕ್ಕರೆ ದ್ರಾವಣ 535 ಮಿಲಿಮೀಟರ್ ಪಾದರಸದ ಒತ್ತಡ ತೋರಿಸಿತ್ತು, ಶೇ. 2ರದು 1016. ಸಕ್ಕರೆ ಇಮ್ಮಡಿಯಾದರೆ ಒತ್ತಡವೂ ಹೆಚ್ಚುಕಡಿಮೆ ಇಮ್ಮಡಿ. ಫೆಫರ್ ಅಳತೆಯಲ್ಲೇ ನಿಂತರು, ಸೂತ್ರಕ್ಕೆ ಹೋಗಲಿಲ್ಲ. ಆಮ್‌ಸ್ಟರ್‌ಡಾಮಿನಲ್ಲಿ ಗಿಡಗಳ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದ ಹ್ಯೂಗೋ ಡಿ ವ್ರೀಸ್ ಈ ಅಂಕಿಗಳ ಬಗ್ಗೆ ತಮ್ಮ ಸಹೋದ್ಯೋಗಿ, ರಸಾಯನಶಾಸ್ತ್ರಜ್ಞ ಯಾಕೋಬಸ್ ವಾಂಟ್ ಹಾಫ್‌ಗೆ ಹೇಳಿದರು. ಅನಿಲಗಳ ಒತ್ತಡಕ್ಕೆ ಇರುವ ಸೂತ್ರವೇ ಇಲ್ಲಿಯೂ ಕೆಲಸ ಮಾಡುತ್ತಿದೆ ಎಂದು ವಾಂಟ್ ಹಾಫ್ ಗುರುತಿಸಿದರು: ಸಾರತೆ, ಅನಿಲ ಸ್ಥಿರಾಂಕ ಮತ್ತು ಕೆಲ್ವಿನ್‌ನಲ್ಲಿ ಹೇಳಿದ ಉಷ್ಣತೆ, ಈ ಮೂರರ ಗುಣಲಬ್ಧ. ರಸಾಯನಶಾಸ್ತ್ರಕ್ಕೆ ಕೊಟ್ಟ ಮೊತ್ತಮೊದಲ ನೊಬೆಲ್ ಬಹುಮಾನ, 1901ರದ್ದು, ಅವರಿಗೆ ಬಂತು. ಒಬ್ಬ ಸಸ್ಯವಿಜ್ಞಾನಿ ಅಳೆದದ್ದನ್ನು ಇನ್ನೊಬ್ಬ ಸಸ್ಯವಿಜ್ಞಾನಿ ತಲುಪಿಸಿ, ಲಾಭವೆಲ್ಲ ರಸಾಯನಶಾಸ್ತ್ರಕ್ಕಾದ ಕತೆ ಇದು ಎಂದು ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರುಗಳು ಮುನಿಸಿಕೊಂಡರೆ ತಪ್ಪೇನಿಲ್ಲ.

ಆ ಸೂತ್ರದಲ್ಲಿ 0.3 ಮೋಲಾರ್ ಮತ್ತು 27 ಡಿಗ್ರಿ ಸೆಲ್ಸಿಯಸ್ ಇಟ್ಟರೆ ಸುಮಾರು 7.5 ಬಾರ್ ಒತ್ತಡ ಬರುತ್ತದೆ. ಕಾರಿನ ಟೈರಿನಲ್ಲಿ ತುಂಬುವ ಗಾಳಿಯ ಒತ್ತಡದ ಮೂರು ಪಟ್ಟಿಗೂ ಹೆಚ್ಚು. ಸಕ್ಕರೆ ದ್ರಾವಣ ಈ ಸೂತ್ರಕ್ಕೆ ಚಾಚೂತಪ್ಪದೆ ಹೊಂದುವ ಆದರ್ಶ ದ್ರಾವಣವಲ್ಲವಾದ್ದರಿಂದ ನಿಜವಾದ ಬೆಲೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ತರಕಾರಿ ಬುಟ್ಟಿಯಲ್ಲಿ ತೆಪ್ಪಗೆ ಕುಳಿತ ಗಡ್ಡೆಯ ಒಂದೊಂದು ಕೋಶವೂ ನೀರಿಗೆ ಬಿದ್ದರೆ ಅಷ್ಟು ಬಲದಿಂದ ಅದನ್ನು ಒಳಗೆಳೆದುಕೊಳ್ಳುತ್ತದೆ.

ಹಾಗಿದ್ದೂ ಬರೀ ನೀರಿನಲ್ಲಿಟ್ಟ ಆಲೂಗಡ್ಡೆಯ ಕೋಶ ಒಡೆಯುವುದಿಲ್ಲ. ನಮ್ಮ ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆದೇ ಹೋಗುತ್ತದೆ. ಸಸ್ಯಕೋಶಕ್ಕೆ ಪೊರೆಯ ಹೊರಗೆ ಸೆಲ್ಯುಲೋಸಿನ ಗಟ್ಟಿ ಭಿತ್ತಿ ಇದೆ. ನೀರು ನುಗ್ಗಿದಷ್ಟೂ ಒಳಗಿನ ರಸ ಭಿತ್ತಿಯನ್ನು ಹೊರಕ್ಕೆ ತಳ್ಳುತ್ತದೆ, ಭಿತ್ತಿ ರಸವನ್ನು ಒಳಕ್ಕೆ ತಳ್ಳುತ್ತದೆ. ಈ ತಳ್ಳಾಟ ಎಳೆತಕ್ಕೆ ಸಮವಾದಾಗ ಒಳಹರಿವು ನಿಲ್ಲುತ್ತದೆ. ಮುರಿದರೆ ಟಕ್ಕೆನ್ನುವ ಗಡಸುತನ ಬರುವುದು ಈ ಒತ್ತಡದಿಂದಲೇ. ಗ್ರಾಫಿನ ಎಡತುದಿಯಲ್ಲಿ ರೇಖೆ ನೆಟ್ಟಗೆ ಏರದೆ ಚಪ್ಪಟೆಯಾಗುವುದಕ್ಕೂ ಭಿತ್ತಿಯ ಬಿಗಿತವೇ ಕಾರಣ.

ಬಲತುದಿಯ ಕತೆ ಬೇರೆ. ಹೊರಗಿನ ಸಾರತೆ ಏರುತ್ತಾ ಹೋದಂತೆ ಕೋಶ ನೀರು ಕಳೆದುಕೊಂಡು, ಒಳಗಿನ ಒತ್ತಡ ಸೊನ್ನೆಯಾಗಿ, ಕೊನೆಗೆ ಪೊರೆ ಭಿತ್ತಿಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ. ಇದಕ್ಕೆ ಪ್ಲಾಸ್ಮೋಲಿಸಿಸ್ ಎನ್ನುತ್ತಾರೆ. ಆಲೂಗಡ್ಡೆಯ ಕೋಶಗಳು ಬಣ್ಣವಿಲ್ಲದವು, ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಲು ಕಣ್ಣು ಪಳಗಿರಬೇಕು. ಪಿಯು ಪ್ರಯೋಗಾಲಯಗಳಲ್ಲಿ ರಿಯೋ ಗಿಡದ ಎಲೆಯ ಅಡಿಭಾಗದ ನೇರಳೆ ಸಿಪ್ಪೆಯನ್ನು ಬಳಸುವುದು ಅದಕ್ಕೇ. ಸಕ್ಕರೆ ಹನಿ ಬಿದ್ದ ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣ ಕೋಶದ ಮೂಲೆಗಳನ್ನು ಬಿಟ್ಟು ನಡುವೆ ಮುದುಡಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಆಗ ಭಿತ್ತಿಗೂ ಪೊರೆಗೂ ನಡುವೆ ಉಂಟಾದ ಜಾಗ ಖಾಲಿ ಇರುವುದಿಲ್ಲ. ಭಿತ್ತಿ ಸಕ್ಕರೆಯನ್ನು ತಡೆಯುವುದಿಲ್ಲವಾದ್ದರಿಂದ ಹೊರಗಿನ ದ್ರಾವಣವೇ ಅಲ್ಲಿಗೆ ನುಗ್ಗುತ್ತದೆ. ಹೀಗಾಗಿ ಗಟ್ಟಿ ದ್ರಾವಣಗಳಲ್ಲಿ ಕಡ್ಡಿ ಕಳೆದುಕೊಂಡ ನೀರು ಎಷ್ಟೋ ಅಷ್ಟೂ ತೂಕದಲ್ಲಿ ಕಾಣಿಸುವುದಿಲ್ಲ. 0.8ರಲ್ಲೂ 1.0ರಲ್ಲೂ ಇಳಿಕೆ ಹತ್ತಿರ ಹತ್ತಿರ ಬಂದರೆ ಕಂಗಾಲಾಗುವ ಅಗತ್ಯವಿಲ್ಲ.

ಪ್ರಾಯೋಗಿಕ ಪರೀಕ್ಷೆಯಲ್ಲಿ ‘ರೇಖೆ ಸೊನ್ನೆಯನ್ನು ದಾಟಿದ ಜಾಗದಲ್ಲಿ ಹೊರಗಿನ ಸಾರತೆಯೂ ಕೋಶರಸದ ಸಾರತೆಯೂ ಸಮ’ ಎಂದು ಬರೆದರೆ ಅಂಕ ಸಿಗುತ್ತದೆ. ಮಾತು ಮಾತ್ರ ಪೂರ್ತಿ ನಿಜವಲ್ಲ. ತಾಜಾ ಗಡ್ಡೆಯ ಕೋಶ ನೀವು ಕತ್ತರಿಸುವ ಮೊದಲೇ ಸ್ವಲ್ಪ ಉಬ್ಬಿರುತ್ತದೆ. ಭಿತ್ತಿ ಆಗಲೇ ಒಳಕ್ಕೆ ತಳ್ಳುತ್ತಿರುತ್ತದೆ. ರಸದ ಎಳೆತದಲ್ಲಿ ಒಂದು ಪಾಲನ್ನು ಈ ತಳ್ಳುವಿಕೆ ಹೊಡೆದುಹಾಕುತ್ತದೆ, ಉಳಿದ ಪಾಲಿಗಷ್ಟೇ ಹೊರಗಿನ ಸಕ್ಕರೆ ಸಮವಾದರೆ ಸಾಕು, ತೂಕ ಬದಲಾಗುವುದಿಲ್ಲ. ಆದ್ದರಿಂದ ರಸದ ನಿಜವಾದ ಸಾರತೆ ಆ ಬಿಂದುವಿಗಿಂತ ಹೆಚ್ಚೇ ಇರುತ್ತದೆ. ತೂಕದ ಪ್ರಯೋಗ ಕೊಡುವುದು ಎಳೆತ ಮತ್ತು ಒತ್ತಡ ಎರಡೂ ಸೇರಿದ ಒಟ್ಟು ಮೊತ್ತವನ್ನು, ಅದಕ್ಕೆ ಜಲವಿಭವ ಎಂದು ಹೆಸರು. ರಸದ ಎಳೆತವೊಂದನ್ನೇ ತಿಳಿಯಬೇಕಾದರೆ ಸೂಕ್ಷ್ಮದರ್ಶಕದ ಕೆಳಗೆ ಅರ್ಧದಷ್ಟು ಕೋಶಗಳಲ್ಲಿ ಪೊರೆ ಭಿತ್ತಿಯಿಂದ ಬಿಡಲು ಶುರುಮಾಡುವ ದ್ರಾವಣ ಯಾವುದೆಂದು ನೋಡಬೇಕು. ಆ ಹಂತದಲ್ಲಿ ಒತ್ತಡ ಸೊನ್ನೆ, ಲೆಕ್ಕದಲ್ಲಿ ಉಳಿಯುವುದು ಸಾರತೆ ಮಾತ್ರ. ಬುಟ್ಟಿಯಲ್ಲೇ ಬಾಡಿ ಸುಕ್ಕುಗಟ್ಟಿದ ಗಡ್ಡೆಯನ್ನು ಬಳಸಿದರೆ ಸೊನ್ನೆಯ ಬಿಂದು ಬಲಕ್ಕೆ ಸರಿಯುವುದೂ ಇದೇ ಕಾರಣಕ್ಕೆ: ಭಿತ್ತಿಯ ತಳ್ಳುವಿಕೆ ಹೋಗಿದೆ, ನೀರು ಆರಿ ರಸವೂ ಗಟ್ಟಿಯಾಗಿದೆ.

ಆಲೂಗಡ್ಡೆಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಾಣುವುದು ಅದರ ಪಿಷ್ಟ. ಗಡ್ಡೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು, ಉಳಿದದ್ದರಲ್ಲಿ ಸಿಂಹಪಾಲು ಪಿಷ್ಟ. ಇಷ್ಟೊಂದು ಪಿಷ್ಟ ತುಂಬಿಕೊಂಡ ಗಡ್ಡೆ ಅಗಾಧವಾಗಿ ನೀರನ್ನು ಎಳೆಯಬೇಕಿತ್ತಲ್ಲವೇ? ಇಲ್ಲ, ಏಕೆಂದರೆ ಅಭಿಸರಣೆಯಲ್ಲಿ ಲೆಕ್ಕಕ್ಕೆ ಬರುವುದು ಕರಗಿದ ಕಣಗಳ ಸಂಖ್ಯೆ. ಪಿಷ್ಟ ಕರಗದೆ ಹರಳಿನಂತೆ ಮೂಲೆಯಲ್ಲಿ ಬಿದ್ದಿರುತ್ತದೆ. ಒಂದು ಕಿಲೋ ಗಡ್ಡೆಯಲ್ಲಿರುವ ಸುಮಾರು 150 ಗ್ರಾಂ ಪಿಷ್ಟವನ್ನು ಪೂರ್ತಿಯಾಗಿ ಗ್ಲೂಕೋಸ್ ಆಗಿ ಒಡೆದರೆ, ಲೆಕ್ಕದ ಪ್ರಕಾರ ರಸದ ಎಳೆತ 25 ಬಾರ್‌ಗೂ ಮೀರಿ ಏರುತ್ತದೆ. ಆಹಾರವನ್ನು ಸಕ್ಕರೆಯಾಗಿಯೇ ಕೂಡಿಡಲು ಹೋದರೆ ಈ ಒತ್ತಡವನ್ನು ತಾಳುವುದು ಕಷ್ಟ. ಪಿಷ್ಟವಾಗಿ ಇಟ್ಟುಕೊಂಡರೆ ನೀರಿನ ಗೊಡವೆ ಇಲ್ಲ.

ಆ ಪಿಷ್ಟದಲ್ಲಿ ಅಲ್ಪಸ್ವಲ್ಪ ಸಕ್ಕರೆಯಾಗುವ ಸಂದರ್ಭವೂ ಉಂಟು. ಗಡ್ಡೆಯನ್ನು 2ರಿಂದ 4 ಡಿಗ್ರಿಯ ಶೈತ್ಯಾಗಾರದಲ್ಲಿ ವಾರಗಟ್ಟಲೆ ಇಟ್ಟರೆ ಪಿಷ್ಟ ಒಡೆದು ಗಡ್ಡೆ ಸಿಹಿಯಾಗುತ್ತದೆ. ಅಂಥ ಗಡ್ಡೆಯ ಚಿಪ್ಸ್ ಕರಿದರೆ ಕಪ್ಪಗಾಗುವುದನ್ನು ಗೃಹಿಣಿಯರೂ ಕಾರ್ಖಾನೆಯವರೂ ಬಲ್ಲರು. ಪ್ರಯೋಗಕ್ಕೆ ಇದು ಒಳ್ಳೆಯ ಅವಕಾಶ. ಮುಂಗಾರಿನಲ್ಲಿ ನೆಟ್ಟು ಆಗತಾನೇ ಕಿತ್ತ ಹಾಸನದ ಗಡ್ಡೆಯನ್ನೂ ಫ್ರಿಜ್‌ನಲ್ಲಿ ತಿಂಗಳು ಕಳೆದ ಗಡ್ಡೆಯನ್ನೂ ಅಕ್ಕಪಕ್ಕ ಇಟ್ಟು ಎರಡು ಗ್ರಾಫ್ ಬರೆದರೆ, ಎರಡನೆಯದರ ಸೊನ್ನೆ ಬಿಂದು ಹೆಚ್ಚು ಸಾರತೆಯ ಕಡೆಗೆ ಸರಿದಿರಬೇಕು.

ಸಕ್ಕರೆಯ ಬದಲು ಉಪ್ಪು ಬಳಸಿದರೆ ಸೊನ್ನೆ ಬಿಂದು ಅರ್ಧಕ್ಕಿಳಿಯುತ್ತದೆ. ಉಪ್ಪಿನ ಒಂದೊಂದು ಘಟಕ ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎಂದು ಎರಡಾಗುತ್ತದೆ, ಹಾಗಾಗಿ ಸಕ್ಕರೆಯ 0.3 ಮೋಲಾರ್ ಮಾಡುವ ಕೆಲಸವನ್ನು ಉಪ್ಪಿನ ಸುಮಾರು 0.15 ಮೋಲಾರ್ ಮಾಡುತ್ತದೆ. ಗ್ರಾಮಿನಲ್ಲಿ ಹೇಳಿದರೆ ವ್ಯತ್ಯಾಸ ಇನ್ನೂ ನಿಚ್ಚಳ: ಲೀಟರಿಗೆ ನೂರು ಗ್ರಾಂ ಸಕ್ಕರೆಗೆ ಒಂಬತ್ತು ಗ್ರಾಂ ಉಪ್ಪು ಸಮ. ಉಪ್ಪಿನ ಅಯಾನುಗಳು ನಿಧಾನವಾಗಿ ಕೋಶದೊಳಕ್ಕೂ ಸೇರಿಕೊಳ್ಳುವುದರಿಂದ ದೀರ್ಘಕಾಲದ ಪ್ರಯೋಗಕ್ಕೆ ಸಕ್ಕರೆಯೇ ವಾಸಿ.

ಆದರೆ ಹೊಲದಲ್ಲಿ ಬೇರಿಗೆ ಎದುರಾಗುವುದು ಸಕ್ಕರೆಯಲ್ಲ, ಉಪ್ಪು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ದಶಕಗಳ ನೀರಾವರಿಯಿಂದ ಸವುಳಾದ ಜಮೀನುಗಳಿವೆ. ಉಪ್ಪು ಹೆಚ್ಚಿದಷ್ಟೂ ಏರುವ, ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಆ ಮಣ್ಣನ್ನು ಸವುಳು ಎಂದು ಗುರುತಿಸುತ್ತಾರೆ. ಕೃಷಿ ವಿಜ್ಞಾನಿಗಳು ಬಳಸುವ ಅಂದಾಜಿನಂತೆ ಒಂದು ಡೆಸಿಸೀಮನ್ಸ್‌ಗೆ 0.36 ಬಾರ್ ಲೆಕ್ಕ ಹಿಡಿದರೆ, 4ಕ್ಕೆ ಸುಮಾರು 1.4 ಬಾರ್. ಆಲೂಗಡ್ಡೆಯ 7.5 ಬಾರ್‌ಗೆ ಹೋಲಿಸಿದರೆ ಇದು ಚಿಕ್ಕದೆನಿಸಬಹುದು. ಅಳತೆ ಮಾಡಿದ್ದು ಮಣ್ಣನ್ನು ನೀರಿನಿಂದ ಪೂರ್ತಿ ತೋಯಿಸಿ ತೆಗೆದ ಸಾರದಲ್ಲಿ ಎಂಬುದು ಇಲ್ಲಿ ಮುಖ್ಯ. ಹೊಲ ಒಣಗುತ್ತಾ ನೀರು ಅರ್ಧವಾದರೆ ಅಷ್ಟೇ ಉಪ್ಪು ಉಳಿದ ನೀರಿನಲ್ಲಿ ಇಮ್ಮಡಿ ಗಟ್ಟಿಯಾಗುತ್ತದೆ. ಮಣ್ಣು ಕೈಗೆ ಹಸಿಯಾಗಿ ಹತ್ತುತ್ತಿದ್ದರೂ ಎಳೆಯ ಗಿಡ ಬಾಡಿ ನಿಲ್ಲುವುದು ಇದರಿಂದ. ಗೊಬ್ಬರ ಹೆಚ್ಚಾಗಿ ಗಿಡ ಸುಟ್ಟಂತಾದಾಗ ನಡೆಯುವುದೂ ಬಹುಮಟ್ಟಿಗೆ ಇದೇ. ಪರಿಹಾರ ಒಂದೇ, ಹೊರಗಿನ ಸಾರತೆಯನ್ನು ಇಳಿಸುವುದು: ಒಳ್ಳೆಯ ನೀರು ಕಟ್ಟಿ ಉಪ್ಪನ್ನು ಬೇರಿನ ಕೆಳಕ್ಕೆ ತೊಳೆಯಬೇಕು, ತೊಳೆದ ನೀರು ಬಸಿಗಾಲುವೆಯಲ್ಲಿ ಹೊರಗೆ ಹೋಗಬೇಕು. ಬಸಿಗಾಲುವೆ ಇಲ್ಲದ ಕಡೆ ಸುಮ್ಮನೆ ನೀರು ಕಟ್ಟಿದರೆ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ಆವಿಯಾಗುವಾಗ ಅದೇ ಉಪ್ಪನ್ನು ಮತ್ತೆ ಮೇಲ್ಮಣ್ಣಿಗೆ ತಂದು ಬಿಡುತ್ತದೆ.